ವಿದ್ಯುಲ್ಲತೆಯ ಕೈಗೆ ಕಟ್ಟಿದ ಹಗ್ಗ

ಮಕ್ಕಳ ಚಿತ್ರಕಥಾ ಮಾಸಿಕದ ಸಂಪಾದಕರ ಕುರ್ಚಿಯಲ್ಲಿ ಕುಳಿತಿರುವ ಮಾನ್ಯರೇ,

ನಿಮ್ಮ ವೀರರ ಪಡೆಯಲ್ಲಿ ಗಂಡಸರಿಗೆಲ್ಲ ತಲೆಗೊಂದು ಪುಸ್ತಕವಿದೆ. ಇರುವ ಒಬ್ಬಳೇ ಹೆಂಗಸಿಗೆ ಇಲ್ಲ. ಇದೇ ನನ್ನ ದೂರು. ಇದನ್ನೇ ಕಾರ್ಡಿನಲ್ಲಿ ಬರೆದೆ, ಇನ್‌ಲ್ಯಾಂಡಿನಲ್ಲಿ ಬರೆದೆ. ಕಡೆಗೆ ಕಳೆದ ಸಂಚಿಕೆಯ ಓದುಗರ ಪುಟದಲ್ಲಿ ಒಂದು ಸಾಲಿನ ಉತ್ತರ ದಯಪಾಲಿಸಿದಿರಿ: "ಹುಡುಗಿಯರು ಸಾಹಸಕಥೆ ಓದುವುದಿಲ್ಲವಾದ್ದರಿಂದ ನಾಯಕಿಯ ಪ್ರತ್ಯೇಕ ಮಾಲಿಕೆಗೆ ಬೇಡಿಕೆ ಇಲ್ಲ." ಅದಕ್ಕೇ ಈಗ ನಾಲ್ಕು ಜನರಿಗೆ ಕೇಳುವ ಹಾಗೆ ಬರೆಯುತ್ತಿದ್ದೇನೆ. ಕೂಗಾಡುವ ಶಕ್ತಿ ನನಗಿಲ್ಲ, ಸಾಕಾಗಿ ಹೋಗಿದೆ. ಆದರೂ ಕೇಳಿ.

ನಾನು ಹಿರಿಯೂರು ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ಬಾಡಿಗೆ ಪುಸ್ತಕದ ಅಂಗಡಿ ಇಟ್ಟವಳು. ನಿಮ್ಮ ಗಗನಮಲ್ಲನಿಗೆ ತಿಂಗಳಿಗೊಂದು ಪುಸ್ತಕ, ಅವನ ತಮ್ಮನಿಗೊಂದು. ಹೋದ ಬೇಸಿಗೆ ರಜೆಯಲ್ಲಿ ಅವನ ನಾಯಿಗೂ ವಿಶೇಷ ಸಂಚಿಕೆ ತಂದಿರಿ. ಬೇಡಿಕೆ ಇದೆಯೆಂದು ನಿಮಗೆ ಯಾವ ನಾಯಿ ಕಾಗದ ಬರೆದಿತ್ತು ಸ್ವಾಮಿ? ಊರಿಗೊಬ್ಬಳೇ ಪದ್ಮಾವತಿ ಎನ್ನುವ ಹಾಗೆ ಇರುವ ವಿದ್ಯುಲ್ಲತೆಯನ್ನು ಮಾತ್ರ ಎಲೆ ತುದಿಯ ಉಪ್ಪಿನಕಾಯಿ ಮಾಡಿದ್ದೀರಿ. ಬರುತ್ತಾಳೆ, ಒಂದು ಸಲ ಮಿಂಚುತ್ತಾಳೆ, ಸಿಕ್ಕಿಬೀಳುತ್ತಾಳೆ. ಆಮೇಲೆ ಗಗನಮಲ್ಲ ಬರುವವರೆಗೆ ಕಂಬಕ್ಕೆ ಕಟ್ಟಿಸಿಕೊಂಡು ನಿಲ್ಲುವುದೇ ಆಕೆಯ ಸಾಹಸ. ಅಂಗೈಯಲ್ಲಿ ಸಿಡಿಲು ಹಿಡಿಯುವ ಹೆಂಗಸಿಗೆ ತೆಂಗಿನ ನಾರಿನ ಹಗ್ಗ ಬಿಚ್ಚಲು ಬಾರದೆ? ನಮ್ಮ ಕಡೆ ಕುರಿಮರಿಯೂ ಹಗ್ಗ ಕಿತ್ತುಕೊಂಡು ಓಡಿಹೋಗುತ್ತದೆ.

ಚಿತ್ರದುರ್ಗ ಜಿಲ್ಲೆಯವಳು ಎಂದ ತಕ್ಷಣ ನೀವು ಒನಕೆಯ ಮಾತೆತ್ತುತ್ತೀರಿ, ಗೊತ್ತು. "ನಿಮ್ಮ ಕೋಟೆಯ ವೀರವನಿತೆಯ ಕಥೆ ಒಮ್ಮೆ ಹಾಕಿದ್ದೇವಲ್ಲ!" ಹಾಕಿದ್ದೀರಿ, ಕೊನೆಯ ಪುಟದಲ್ಲಿ, ಬಿಸ್ಕತ್ತಿನ ಜಾಹೀರಾತಿನ ಪಕ್ಕದಲ್ಲಿ. ಆ ಮಹಾತಾಯಿ ಒಬ್ಬಳೇ ನಮಗೆಲ್ಲರಿಗೂ ಸೇರಿಸಿ ಎಷ್ಟು ವರ್ಷ ಕುಟ್ಟಬೇಕು?

ಇನ್ನು ಹುಡುಗಿಯರು ಓದುವುದಿಲ್ಲ ಎಂಬ ನಿಮ್ಮ ಸಂಶೋಧನೆ. ಬಸ್‌ಸ್ಟ್ಯಾಂಡಿನ ಅಂಗಡಿ ಮುಂದೆ ಹುಡುಗಿ ನಿಂತರೆ ನೋಡುವವರ ಬಾಯಿ ಸುಮ್ಮನಿರುವುದಿಲ್ಲ. ಹಾಗಾಗಿ ನಮ್ಮಲ್ಲಿ ಹೆಣ್ಣುಮಕ್ಕಳು ಅಣ್ಣತಮ್ಮಂದಿರ ಹೆಸರಿನಲ್ಲೇ ಪುಸ್ತಕ ಒಯ್ಯುವುದು. ನಿಮ್ಮ ಏಜೆಂಟರು ಬಂದು "ಯಾರು ಓದ್ತಾರಮ್ಮ?" ಎಂದರೆ ನನ್ನ ಬಾಯಲ್ಲೂ ಗಂಡು ಹೆಸರುಗಳೇ ಬರುತ್ತವೆ. ಅಲ್ಲಿಗೆ ನಿಮ್ಮ ಲೆಕ್ಕದಲ್ಲಿ ಹುಡುಗಿಯರು ಹುಟ್ಟೇ ಇಲ್ಲ.

ಒಬ್ಬಳು ಹುಟ್ಟಿದ್ದಾಳೆ, ಹೇಳುತ್ತೇನೆ. ಆದಿವಾಲದ ಕಡೆಯ ಒಂದು ಹಟ್ಟಿಯ ಕಾವ್ಯಶ್ರೀ, ಒಂಬತ್ತನೇ ಕ್ಲಾಸು. ಆ ಹಟ್ಟಿಯಲ್ಲಿ ಹೆಣ್ಣುಮಕ್ಕಳು ತಿಂಗಳ ಆ ದಿನಗಳಲ್ಲಿ ಊರಾಚೆಯ ಗುಡಿಸಲಿನಲ್ಲಿ ಕೂರಬೇಕು. ಅದರ ಬಗ್ಗೆ ಇನ್ನೊಂದು ಪತ್ರವಿದೆ, ಅದು ಬೇರೆ ಕುರ್ಚಿಗೆ. ಕಾವ್ಯಶ್ರೀಯ ಅಜ್ಜಿ ಜುಂಜಮ್ಮ ಓದು ಬಾರದವಳು. ಸಂತೆಗೆ ಬಂದಾಗೆಲ್ಲ ನನ್ನ ಅಂಗಡಿಗೆ ಬಂದು, "ಹೆಣ್ಣಿನ ಪಟ ಇರಾ ಪುಸ್ತಕ ಕೊಡವ್ವ. ಮಗು ಒಂದೇ ಕುಂತಿರ್ತೈತೆ, ಜತೆಗೆ ಇರ್ಲಿ" ಎನ್ನುತ್ತಿದ್ದಳು. ಗುಡಿಸಲಿಂದ ವಾಪಸು ಬಂದ ಪುಸ್ತಕದ ಮೇಲೆ ನೀರು ಚುಮುಕಿಸಿ, ಶುದ್ಧ ಮಾಡಿಯೇ ನನ್ನ ಕೈಗೆ ಕೊಡುತ್ತಿದ್ದಳು. ನಿಮ್ಮ ತೆಳು ಕಾಗದಕ್ಕೆ ಆ ನೀರೂ ಭಾರವೇ, ಇರಲಿ.

ದೀಪಾವಳಿಯ ಹೊತ್ತಿಗೆ ನೀವೊಂದು ಸಂಚಿಕೆ ತಂದಿರಿ. ಮುಖಪುಟದ ತುಂಬಾ ವಿದ್ಯುಲ್ಲತೆ ಒಬ್ಬಳೇ, ಮುಷ್ಟಿಯಲ್ಲಿ ಮಿಂಚು! ನೋಡಿ ನನಗೇ ಕಣ್ಣು ತುಂಬಿತು. ಒಳಗೇನಿದೆ ಎಂದು ನೋಡದೆ ಜುಂಜಮ್ಮನಿಗೆ ತೆಗೆದಿಟ್ಟೆ. ಅಜ್ಜಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು.

ಮುಂದಿನ ಸಂತೆಗೆ ವಾಪಸು ಬಂದಾಗ ಪುಸ್ತಕದ ತುಂಬಾ ತೂತು. ನಾನು ರೇಗಿದೆ. "ಏನಜ್ಜಿ, ಚುಮುಕಿಸಿದ್ಯೋ, ಸ್ನಾನ ಮಾಡಿಸಿದ್ಯೋ?"

"ಅಯ್ಯೋ ನಮ್ಮವ್ವ, ಎಲ್ಡು ಹನಿ ಹಾಕಿದ್ದು ಅಷ್ಟೇಯ. ನನ್ ಮ್ಯಾಲೆ ಯಾಕೆ ಬೀಳ್ತೀಯಾ? ಅದನ್ನೇ ಕೇಳು" ಎಂದು ಹಿಂದೆ ತಿರುಗಿದಳು. ಅವತ್ತು ಮೊದಲ ಸಲ ಮೊಮ್ಮಗಳು ಜತೆಗೆ ಬಂದಿದ್ದಳು.

ಪುಟ ತಿರುಗಿಸಿ ನೋಡಿದೆ. ತೂತು ಎಲ್ಲೆಂದರಲ್ಲಿ ಬಿದ್ದಿರಲಿಲ್ಲ. ವಿದ್ಯುಲ್ಲತೆಯ ಮಣಿಕಟ್ಟಿನಲ್ಲಿ, ಸೊಂಟದಲ್ಲಿ, ಕಾಲಿನಲ್ಲಿ ಬಿದ್ದಿತ್ತು. ನೀವು ಹಗ್ಗ ಬರೆಸಿದ ಕಡೆಯಲ್ಲೆಲ್ಲ. ಮುಖಪುಟ ದಾಟಿದರೆ ಪುಸ್ತಕದುದ್ದಕ್ಕೂ ಆಕೆಯನ್ನು ಕಟ್ಟಿಯೇ ಹಾಕಿದ್ದೀರಲ್ಲ!

"ಹಗ್ಗ ಅಷ್ಟೇ ಅಳಿಸಾಕೆ ಹೋದೆ ಅಕ್ಕಾ" ಎಂದಳು ಕಾವ್ಯಶ್ರೀ. "ರಬ್ಬರಾಗೆ ಉಜ್ಜಿದೆ, ಹೋಗ್ಲಿಲ್ಲ. ಎಂಜಲು ಹಚ್ಚಿ ಉಜ್ಜಿದೆ, ಪೇಪರ್ರೇ ಹೋತು."

"ಯಾಕಮ್ಮ ಹಿಂಗ್ ಮಾಡಿದೆ?"

"ಕೈಯಾಗೆ ಸಿಡಿಲು ಐತೆ ಅಂತ ಅವ್ರೇ ಬರ್ದವ್ರೆ. ಆದ್ರೂ ಅವನು ಬರಾ ತಂಕ ಕಾಯ್ತಾ ನಿಂತವ್ಳೆ. ನಾನೂ ಅಲ್ಲಿ ಕಾಯ್ತಾ ಕುಂತಿರ್ತೀನಿ. ಇಬ್ರೂ ಕಾಯ್ತಾ ಕುಂತ್ರೆ ಅದೇನ್ ಜತೆ ಅಕ್ಕಾ?" ಆಮೇಲೆ ತಲೆ ತಗ್ಗಿಸಿ, "ಇನ್ ಮ್ಯಾಲೆ ಪುಸ್ತಕ ಬ್ಯಾಡ" ಎಂದಳು.

ಅಂದಿನಿಂದ ಅವಳು ಒಂದು ಪುಸ್ತಕವನ್ನೂ ಒಯ್ದಿಲ್ಲ. ಜುಂಜಮ್ಮ ಈಗಲೂ ಸಂತೆಗೆ ಬರುತ್ತಾಳೆ. ಅಂಗಡಿ ಮುಂದೆ ನಿಂತು ಮುಖಪುಟಗಳನ್ನು ನೋಡಿ, "ಇದ್ರೊಳಗೂ ಕಟ್ ಹಾಕವ್ರಾ?" ಎಂದು ಕೇಳುತ್ತಾಳೆ. ಹೌದಜ್ಜಿ ಎನ್ನುತ್ತೇನೆ. ಹೋಗಿಬಿಡುತ್ತಾಳೆ. ಗುಡಿಸಲಿನಲ್ಲಿ ಆ ಹುಡುಗಿ ಈಗ ಬರಿಗೈಯಲ್ಲಿ ಕೂರುತ್ತಾಳೆ ಎಂದು ನೆನೆದರೆ ನನಗೆ ಸಂಕಟವಾಗುತ್ತದೆ, ಮಾನ್ಯರೇ. ನಿಮಗೆ ಆಗದಿದ್ದರೆ ನಾನೇನು ಮಾಡಲಿ?

ಬೇಡಿಕೆ ಇಲ್ಲ ಎಂದಿರಲ್ಲ, ತೆಗೆದುಕೊಳ್ಳಿ, ಇದು ಬೇಡಿಕೆ. ವಿದ್ಯುಲ್ಲತೆಗೆ ಆಕೆಯದೇ ಆದ ಮಾಲಿಕೆ ಬೇಕು. ಒಂದು ವಿಶೇಷ ಸಂಚಿಕೆ ತಂದು ಕೈತೊಳೆದುಕೊಳ್ಳುವುದಲ್ಲ, ಗಗನಮಲ್ಲನಿಗೆ ಬರುವ ಹಾಗೆ ತಿಂಗಳು ತಿಂಗಳೂ ಬರಬೇಕು. ಆಕೆ ಸೋಲಲಿ, ಗೆಲ್ಲಲಿ, ತಪ್ಪು ಮಾಡಲಿ. ಸಿಕ್ಕಿಬಿದ್ದರೂ ಬೀಳಲಿ, ಬಿಡಿಸಿಕೊಳ್ಳುವುದನ್ನು ಆಕೆಗೇ ಬಿಡಿ. ಮೊದಲ ಪ್ರತಿ ಜುಂಜಮ್ಮನಿಗೆ ಎಂದು ಎತ್ತಿಡುತ್ತೇನೆ. ಈ ಸಲ ಒಳಗೂ ನೋಡಿಯೇ ಕೊಡುತ್ತೇನೆ.

ಇಷ್ಟು ನಿಮ್ಮ ಕೈಲಾಗದು ಎನ್ನುವುದಾದರೆ ಒಂದು ಸಣ್ಣ ಉಪಕಾರ ಮಾಡಿ. ನಿಮ್ಮ ಚಿತ್ರಕಾರರಿಗೆ ಹೇಳಿ, ಹಗ್ಗವನ್ನಾದರೂ ಪೆನ್ಸಿಲಿನಲ್ಲಿ ಬರೆಯಲಿ. ನಮ್ಮ ಹುಡುಗಿಯರ ಹತ್ತಿರ ರಬ್ಬರು ಇದೆ.

ಇಂತಿ,
ತೂತು ಬಿದ್ದ ಆ ಪುಸ್ತಕವನ್ನು ಇನ್ನೂ ಬಿಸಾಡದವಳು,
ಅನುಸೂಯ
ಬಾಡಿಗೆ ಪುಸ್ತಕದಂಗಡಿ, ಹಿರಿಯೂರು
ಜನವರಿ ೨೦೦೨