ಕೊಡವಿದ ಮೇಜುಬಟ್ಟೆಯೂ ಒಪ್ಪಿಗೆಯೇ

ರಾಜ್ಯ ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳಿಗೆ,

ಮಾನ್ಯರೇ,

ನಿಮ್ಮ ತೀರ್ಪು ಸರಿಯಾಗಿದೆ. ಈ ಮಾತನ್ನು ನಾನು ಇಡೀ ಬೇಸಿಗೆ ಮನೆಯಲ್ಲಿ ಬಾಯಿಬಿಟ್ಟು ಹೇಳಿಲ್ಲ. ನಮ್ಮ ಕೊಲ್ಲಿಯಲ್ಲಿ ಹೀಗೆ ಹೇಳುವುದೂ ಒಂದೇ, ಸ್ವಂತ ದೋಣಿಗೆ ತೂತು ಕೊರೆಯುವುದೂ ಒಂದೇ. ಬಂಡೆ ದಡದ ಮನೆಯವರದು, ಗೊಬ್ಬರಕ್ಕೆಂದು ನಾವು ಕೊಯ್ದು ಮಾರುವ ಕಡಲಪಾಚಿ ಬಂಡೆಗೆ ಅಂಟಿಕೊಂಡು ಬೆಳೆಯುತ್ತದೆ, ಹಾಗಾಗಿ ಪಾಚಿಯೂ ಮನೆಯವರದೇ. ಭರತ ಇಳಿತಗಳ ನಡುವಿನ ನೆಲದಲ್ಲಿ ಯಾರು ಬೇಕಾದರೂ ಮೀನು ಹಿಡಿಯಬಹುದೆಂಬ ಹಳೆಯ ಕಾನೂನು ಇಲ್ಲಿ ಅನ್ವಯಿಸದು, ಏಕೆಂದರೆ ಪಾಚಿ ಮೀನಲ್ಲ. ಇಷ್ಟನ್ನು ಹೇಳಲು ನಿಮಗೆ ನಲವತ್ತು ಪುಟ ಬೇಕಾಯಿತು. ನಮ್ಮ ದೋಣಿಧಕ್ಕೆಯ ಬೆಕ್ಕಿಗೆ ಅದು ಮೊದಲೇ ಗೊತ್ತಿತ್ತು. ಇರಲಿ. ನನ್ನ ತಕರಾರು ತೀರ್ಪಿನ ಮೇಲಲ್ಲ, ಅದರೊಳಗಿನ ಒಂದು ವಾಕ್ಯದ ಮೇಲೆ: "ತಾನು ಎಂದೂ ಅನುಮತಿ ಪಡೆದಿರಲಿಲ್ಲವೆಂದು ಪ್ರತಿವಾದಿಯೇ ಒಪ್ಪಿಕೊಂಡಿದ್ದಾನೆ." ಆ ಪ್ರತಿವಾದಿ ನನ್ನ ಚಿಕ್ಕಪ್ಪ ಥರ್ಲೋ ಹ್ಯಾಸ್ಕೆಲ್. ಆ ವಾಕ್ಯ ಸುಳ್ಳು.

ನಮ್ಮಲ್ಲಿ ಬಾಯಿಬಿಟ್ಟು ಅಪ್ಪಣೆ ಕೇಳುವುದು ಮರ್ಯಾದೆಯಲ್ಲ. ಕೇಳಿದರೆ ಎದುರಿನವರು ಇಲ್ಲ ಎನ್ನಬೇಕಾಗಿ ಬಂದೀತು. ನೆರೆಯವರನ್ನು ಆ ಮುಜುಗರಕ್ಕೆ ದೂಡಬಾರದು. ಅದಕ್ಕೇ ಚಿಕ್ಕಪ್ಪ ಅಡೆಲ್ಮಾ ಕ್ರೌಲಿ ಎಂಬ ವಿಧವೆಯ ಮನೆಯೆದುರು ದೋಣಿ ನಿಲ್ಲಿಸಿ, ಇಂಜಿನ್ ಆರಿಸಿ, ಟೋಪಿ ತೆಗೆದು ಕಾಯುತ್ತಿದ್ದ. ಆಕೆ ಹಿತ್ತಿಲ ಮೆಟ್ಟಿಲಿಗೆ ಬಂದು ಮೇಜುಬಟ್ಟೆ ಕೊಡವಿದರೆ ಕೊಯ್ಯಬಹುದು, ಬಾರದಿದ್ದರೆ ಇಲ್ಲ. ಆಕೆಯ ಬಂಡೆಗಳ ಬಳಿ ಕಡಲಬಾತುಗಳು ಮರಿ ಮಾಡಿದ ವಸಂತದಲ್ಲಿ ಆಕೆ ವಾರಗಟ್ಟಲೆ ಹೊರಬರಲಿಲ್ಲ. ಚಿಕ್ಕಪ್ಪ ದಿನವೂ ಹೋದ, ಒಂದೆಳೆ ಪಾಚಿ ಮುಟ್ಟದೆ ದಿನವೂ ಹಿಂದಿರುಗಿದ. ನಾನು ಶಾಲೆ ಬಿಟ್ಟು ಅವನ ದೋಣಿ ಹತ್ತಿದ ಹೊಸತು ಅದು. ಇಷ್ಟು ದೂರ ಬಂದಿದ್ದೇವೆ, ನೋಡುವವರು ಯಾರೂ ಇಲ್ಲ, ಒಂದೆರಡು ಹೊರೆ ಕೊಯ್ದರೆ ಏನು ಗಂಟು ಹೋಗುತ್ತದೆ ಎಂದು ರೇಗಿದ್ದೆ.

"ಅವಳ ಬಟ್ಟೆ ಹೊರಗೆ ಬಂದಿಲ್ಲ ಕಣೇ," ಎಂದ. ಇಂಜಿನ್ ಚಾಲೂ ಮಾಡಿ ದೋಣಿ ತಿರುಗಿಸಿದ.

ನಿಮ್ಮ ಗ್ರಂಥಾಲಯದ ಕಪಾಟುಗಳಲ್ಲಿ ಇದಕ್ಕಿಂತ ಬಿಗಿಯಾದ ಪರವಾನಗಿ ಇದ್ದರೆ ದಯವಿಟ್ಟು ತೋರಿಸಿ.

ಅಡೆಲ್ಮಾ ತೀರಿಕೊಂಡ ಮೇಲೆ ಮನೆ ದೂರದ ನಗರದಲ್ಲಿರುವ ಮೊಮ್ಮಗನಿಗೆ ಹೋಯಿತು. ಬಟ್ಟೆ ಕೊಡವುವವರಿಲ್ಲದ ದಡದಲ್ಲಿ ಚಿಕ್ಕಪ್ಪ ಆಮೇಲೆ ಕೊಯ್ಯಲೇ ಇಲ್ಲ. ಮೊಮ್ಮಗ ದಾವೆ ಹೂಡಿದ್ದು ಅಜ್ಜಿ ಬದುಕಿದ್ದಾಗಿನ ಕೊಯ್ಲಿಗೆ. ಕೆಳಗಿನ ನ್ಯಾಯಾಲಯದಲ್ಲಿ ಅವನ ವಕೀಲರು ಚಿಕ್ಕಪ್ಪನನ್ನು ಕೇಳಿದರು: "ಕೊಯ್ಯಿ ಅಂತ ಶ್ರೀಮತಿ ಕ್ರೌಲಿ ಯಾವತ್ತಾದ್ರೂ ಹೇಳಿದ್ರಾ? ಹೌದು ಇಲ್ಲ, ಅಷ್ಟೇ ಹೇಳಿ." ಚಿಕ್ಕಪ್ಪ ತುಸು ಯೋಚಿಸಿ ಇಲ್ಲ ಎಂದ. ನಿಜ, ಆಕೆ ಹೇಳಿರಲಿಲ್ಲ. ನಮ್ಮ ಪರವಾಗಿದ್ದ ವಕೀಲರು ಪಾಚಿಯನ್ನು ಮೀನು ಮಾಡುವ ಹುರುಪಿನಲ್ಲಿದ್ದರು. ಅವರು ಮರುಪ್ರಶ್ನೆ ಕೇಳಲಿಲ್ಲ.

ಹಿಂದಿರುಗುವ ದಾರಿಯಲ್ಲಿ ನಾನು ಸುಮ್ಮನಿರಲಾಗದೆ ಜಗಳ ತೆಗೆದೆ. ಮೇಜುಬಟ್ಟೆಯ ವಿಷಯ ಯಾಕೆ ಹೇಳಲಿಲ್ಲ?

"ಸತ್ತವಳ ಅಡುಗೆಮನೆ ವಿಷಯ ಕೋರ್ಟಲ್ಲಿ ಆಡ್ಲಾ? ಕೇಳಿದ್ದಕ್ಕೆ ಹೇಳ್ದೆ."

"ನಾಳೆ ನಿನ್ನ ಕಳ್ಳ ಅಂತಾರೆ, ಚಿಕ್ಕಪ್ಪ."

"ಯಾರಂತಾರೆ? ಎಲ್ರಿಗೂ ಗೊತ್ತಲ್ಲ."

ಎಲ್ಲರಿಗೂ ಗೊತ್ತಿತ್ತು, ಮಾನ್ಯರೇ, ನಿಮ್ಮ ಕಡತವೊಂದನ್ನು ಬಿಟ್ಟು. ಮೇಲ್ಮನವಿ ನಿಮ್ಮೆದುರು ಬಂದ ದಿನ ನಾನು ಹಿಂದಿನ ಬೆಂಚಿನಲ್ಲಿದ್ದೆ. ಒಂದು ಮಾತು ಹೇಳಬಹುದೇ ಎಂದು ನಿಮ್ಮ ಗುಮಾಸ್ತರನ್ನು ಕೇಳಿದೆ. ಇಲ್ಲಿ ಹೊಸದೇನನ್ನೂ ಹೇಳುವಂತಿಲ್ಲ, ಕೆಳಗೆ ಬರೆದುಕೊಂಡದ್ದನ್ನಷ್ಟೇ ನೋಡುತ್ತಾರೆ ಎಂದರು. ಅವರು ಒರಟಾಗಿ ಹೇಳಲಿಲ್ಲ, ಕುಡಿಯಲು ನೀರನ್ನೂ ಕೊಟ್ಟರು. ರಾಜ್ಯದ ಅತಿ ಎತ್ತರದ ನ್ಯಾಯಪೀಠವನ್ನು ತಲುಪುವಷ್ಟರಲ್ಲಿ ಸತ್ಯ ಹೇಳುವ ಹೊತ್ತು ಮೀರಿರುತ್ತದೆ ಎಂಬುದನ್ನು ನನಗೆ ಶಾಲೆಯಲ್ಲಿ ಕಲಿಸಿರಲಿಲ್ಲ. ಬಹುಶಃ ಬಿಟ್ಟ ಮೇಲಿನ ತರಗತಿಗಳಲ್ಲಿ ಆ ಪಾಠವಿತ್ತೇನೋ.

ತೀರ್ಪಿನ ಪರಿಣಾಮಗಳ ಬಗ್ಗೆ ನಿಮ್ಮ ಕೊನೆಯ ಪುಟಗಳಲ್ಲಿ ವಿವರವಾದ ಚರ್ಚೆಯಿದೆ. ಅಲ್ಲಿಲ್ಲದ ಕೆಲವನ್ನು ಹೇಳುತ್ತೇನೆ. ಮೊಕದ್ದಮೆ ನಮ್ಮ ಮನೆತನದ ಹೆಸರು ಹೊತ್ತಿದ್ದರಿಂದ ದಡದುದ್ದಕ್ಕೂ ಮರಗಳಿಗೆ ಬಡಿದ ಫಲಕಗಳಲ್ಲಿ "ಹ್ಯಾಸ್ಕೆಲ್ ತೀರ್ಪಿನ ಪ್ರಕಾರ ಪ್ರವೇಶವಿಲ್ಲ" ಎಂದಿದೆ. ಶನಿವಾರದ ಬೀನ್ಸ್‌ಕಾಳಿನ ಊಟಕ್ಕೆ ಇಡೀ ಊರು ಸಭಾಭವನದಲ್ಲಿ ಸೇರುವುದು ರೂಢಿ. ತೀರ್ಪು ಬಂದ ವಾರ ಚಿಕ್ಕಪ್ಪ ಸೌಟಿಗೆ ಕೈ ಹಾಕಿದಾಗ ಅವನ ಬಾಲ್ಯದ ಗೆಳೆಯ ಆಲ್ಟನ್, "ಥರ್ಲೋ, ಮೊದ್ಲು ಬರೆಸ್ಕೊಂಡು ಆಮೇಲೆ ಬಡಿಸ್ಕೋ ಮಾರಾಯ, ಇಲ್ದಿದ್ರೆ ಮತ್ತೆ ಕೇಸಾದೀತು," ಎಂದ. ಎಲ್ಲರೂ ನಕ್ಕರು. ಚಿಕ್ಕಪ್ಪನೂ ನಕ್ಕ. ಆಮೇಲೆ ಖಾಲಿ ತಟ್ಟೆಯನ್ನು ಮೇಜಿನ ಮೇಲಿಟ್ಟು ಹೊರಗೆ ಹೋಗಿ ಕಾರಿನಲ್ಲಿ ಕುಳಿತ. ಮರುದಿನ ಆಲ್ಟನ್ ನಮ್ಮ ಅಂಗಳಕ್ಕೆ ಗಾಡಿ ತಂದು, ಇಂಜಿನ್ ಆರಿಸಿ, ಬಹಳ ಹೊತ್ತು ಕಾದ. ನಮ್ಮಲ್ಲಿ ಕ್ಷಮೆ ಕೇಳುವುದೂ ಹಾಗೆಯೇ. ಚಿಕ್ಕಪ್ಪ ಕಿಟಕಿಯಿಂದ ನೋಡಿದ, ಹೊರಗೆ ಹೋಗಲಿಲ್ಲ.

ಈಗ ಅವನು ಎಲ್ಲವನ್ನೂ ಬಾಯಿಬಿಟ್ಟೇ ಕೇಳುತ್ತಾನೆ. ಹುಟ್ಟಿದಾಗಿನಿಂದ ಹತ್ತಿಳಿದ ಧಕ್ಕೆಯ ಏಣಿಗೆ ಕಾಲಿಡುವ ಮೊದಲೂ, ಪಕ್ಕದವರ ಬಾವಿಯ ಹತ್ತಿರ ಹಾಯುವ ಮೊದಲೂ, ಟೋಪಿ ತೆಗೆದು, ಹೋಗಲಾ ಎನ್ನುತ್ತಾನೆ. ಜನ ನೆಲ ನೋಡುತ್ತಾ ಹೂಂ ಎನ್ನುತ್ತಾರೆ. ಕಾನೂನನ್ನು ಇಷ್ಟು ನಿಷ್ಠೆಯಿಂದ ಪಾಲಿಸುವ ಪ್ರಜೆ ನಿಮಗೆ ಇನ್ನೊಬ್ಬ ಸಿಗಲಾರ. ಸಂತೋಷವಾಯಿತೇ?

ನಿಮ್ಮ ಕಚೇರಿಗೆ ಎರಡು ಸಲ ಬರೆದೆ. ಕಕ್ಷಿದಾರರಲ್ಲದವರ ಪತ್ರಗಳನ್ನು ಪರಿಗಣಿಸಲಾಗದು ಎಂದು ಎರಡು ಸಲವೂ ಒಂದೇ ಉತ್ತರ ಬಂತು. ಕಕ್ಷಿದಾರ ತಾನಾಗಿ ಬರೆಯುವವನಲ್ಲ. ಆದ್ದರಿಂದ ಪತ್ರಿಕೆಗೆ ಬರೆಯುತ್ತಿದ್ದೇನೆ. ಇದರಿಂದ ಏನಾದರೂ ಆಗುತ್ತದೆಂಬ ನಂಬಿಕೆ ನನಗೂ ಅಷ್ಟಾಗಿಲ್ಲ. ಬರೆಯದಿದ್ದರೆ ನಿದ್ದೆ ಬರುವುದಿಲ್ಲ, ಅಷ್ಟೇ.

ಬಂಡೆಗಳನ್ನು ಹಿಂದಿರುಗಿಸಿ ಎಂದು ನಾನು ಕೇಳುತ್ತಿಲ್ಲ. ಮೊಕದ್ದಮೆಯನ್ನು ಮತ್ತೆ ತೆರೆಯಿರಿ ಎಂದೂ ಕೇಳುತ್ತಿಲ್ಲ. ಆ ಒಂದು ವಾಕ್ಯದಲ್ಲಿ "ಅನುಮತಿ" ಎಂಬ ಪದಕ್ಕೆ ಮೊದಲು "ಮಾತಿನ ಅಥವಾ ಬರಹದ" ಎಂದು ಸೇರಿಸಿ. ಆಗ ವಾಕ್ಯ ನಿಜವಾಗುತ್ತದೆ. ನೀವು ಕೊಟ್ಟ ತೀರ್ಮಾನದ ಒಂದು ಕೂದಲೂ ಕೊಂಕುವುದಿಲ್ಲ. ನಿಮಗೆ ಆ ಅಧಿಕಾರವಿಲ್ಲ ಎನ್ನಬೇಡಿ. ಇನ್ನೊಂದು ತೀರ್ಪಿನಲ್ಲಿ ಒಂದು ಊರಿನ ಹೆಸರು ತಪ್ಪಾಗಿದೆಯೆಂದು ಹೋದ ತಿಂಗಳಷ್ಟೇ ತಿದ್ದುಪಡಿ ಹೊರಡಿಸಿದ್ದೀರಿ. ಊರಿನ ಹೆಸರಿಗೆ ಸಿಕ್ಕ ಮರ್ಯಾದೆ ಮನುಷ್ಯನ ಹೆಸರಿಗೂ ಸಿಗಲಿ.

ತಿದ್ದಿದರೆ ಅದರ ಪ್ರತಿಯನ್ನು ನೇರ ಚಿಕ್ಕಪ್ಪನಿಗೇ ಕಳಿಸಿ, ವಿಳಾಸ ನಿಮ್ಮಲ್ಲಿದೆ. ಓದಿ ಹೇಳಲು ಮನೆಯಲ್ಲಿ ನಾನಿರುವುದಿಲ್ಲ, ಆದ್ದರಿಂದ ಅಕ್ಷರ ಸ್ವಲ್ಪ ದೊಡ್ಡದಾಗಿರಲಿ. ದೋಣಿಯಲ್ಲಿ ಇಬ್ಬರಿಗಾಗುವಷ್ಟು ಕೆಲಸ ಉಳಿದಿಲ್ಲ. ಉತ್ತರದಲ್ಲಿ ಆಲೂಗಡ್ಡೆ ಕೀಳಲು ಆಳು ಬೇಕಂತೆ. ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತಿದ್ದೇನೆ.

ಇಂತಿ,
ತೀರ್ಪಿಗೆ ಹೋದ ಹೆಸರನ್ನೇ ಇನ್ನೂ ಇಟ್ಟುಕೊಂಡಿರುವ,
ಲೋರ್ನಾ ಹ್ಯಾಸ್ಕೆಲ್