ತೊಳೆದುಹೋದ ಗೆರೆ

ಠಾಣೆಯ ಸಾಹೇಬರಿಗೆ, ವೃತ್ತದಲ್ಲಿ ಕಸ ಗುಡಿಸುವವಳ ನಮಸ್ಕಾರ.

ಸೋಮವಾರ ಅಪಘಾತವಾದಾಗ ಲಾರಿ ನಿಂತ ಜಾಗಕ್ಕೆ ಟ್ರಾಫಿಕ್ ಅಕ್ಕ ಸೀಮೆಸುಣ್ಣದ ಗೆರೆ ಎಳೆದಿದ್ದರು. ಲಾರಿ ಸರಿಸಿದ ಮೇಲೆ ಅಳತೆ ಟೇಪು ತರಲು ಹೋದರು. ರಕ್ತ ನೋಡಲಾಗದೆ ನಾನು ನೀರು ಹಾಕಿ ಉಜ್ಜಿದೆ. ಗೆರೆಯೂ ಹೋಯಿತು.

“ಅಯ್ಯೋ ಹುಡುಗಿ, ಎಲ್ಲಾ ತೊಳೆದುಬಿಟ್ಯಲ್ಲೇ! ಹೋಗ್ಲಿ, ಗೆರೆ ಎಳೆಯೋದೇ ಮರೆತೆ ಅಂತೀನಿ. ನೀನು ಬಾಯಿ ಬಿಡ್ಬೇಡ,” ಎಂದರು ಅಕ್ಕ.

ಈಗ ಅವರನ್ನು ವೃತ್ತದಿಂದ ತೆಗೆದಿದ್ದೀರಿ. ನಿಮ್ಮೆದುರು ನನಗೆ ಮಾತು ಹೊರಡುವುದಿಲ್ಲ, ಅದಕ್ಕೆ ಬರೆದಿದ್ದೇನೆ.

ಆ ಗೆರೆ ರಸ್ತೆಯಂಚಿನ ಕಲ್ಲಿನಿಂದ ನನ್ನ ಪೊರಕೆಯ ಎರಡು ಉದ್ದದಷ್ಟು ದೂರವಿತ್ತು. ಅಳೆಯಲು ಬನ್ನಿ, ಪೊರಕೆ ತರುತ್ತೇನೆ.

ಅಕ್ಕನನ್ನು ಮರಳಿ ಕಳಿಸಿ. ನಾನು ಗುಡಿಸುವಾಗ ಗಾಡಿಗಳಿಗೆ ಕೈ ಅಡ್ಡ ಹಿಡಿಯುತ್ತಿದ್ದವರು ಅವರೊಬ್ಬರೇ.

ಇಂತಿ,
ತೊಳೆದವಳು