ಖಾಲಿ ಕೋಣೆಯೊಳಗಿನ ಸೊಸೆ

೨೪೧೧ನೇ ಇಸವಿ, ಹದಿಮೂರನೇ ತಿಂಗಳ ಮೂರನೇ ದಿನ
ಕೋಲಾರದ ಹಳೆಯ ಚಿನ್ನದ ಗಣಿಯೊಳಗಿನ ಊರು

ಸಾಫ್ಟ್‌ವೇರ್ ಬರೆಯುವ ಹಿರಿಯರಿಗೆ ಮುನಿಲಕ್ಷ್ಮಿಯ ನಮಸ್ಕಾರ.

ನನ್ನ ಮಾತು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ. ಗಣಿಯ ಆಳದಲ್ಲಿ ನಮ್ಮ ವಾಸ. ವಾರಕ್ಕೊಮ್ಮೆ ಮೇಲೆ ಹೋಗಿ ಹಪ್ಪಳದ ಹಾಗೆ ಬಿಸಿಲಿಗೆ ಕೂತು ಬರುತ್ತೇವೆ. ಇಲ್ಲಿನ ಬಾಗಿಲು, ದೀಪ, ಗಾಳಿ ಎಲ್ಲವನ್ನೂ ನೋಡಿಕೊಳ್ಳುವುದು ಊರುಗಾವಲು ಎಂಬ ಸಾಫ್ಟ್‌ವೇರ್. ಸುಮಾರು ನಾನೂರು ವರ್ಷದ ಹಿಂದೆ ಅದರ ಅಡಿಪಾಯ ಹಾಕಿದವರು ನೀವು, ಮೇಲೆ ಮಹಡಿ ಕಟ್ಟಿದವರು ನಾವು. ನೀವು ಫೈಲ್ ಎನ್ನುವುದನ್ನು ನಾವು ಇರವು ಎನ್ನುತ್ತೇವೆ. ಒಬ್ಬೊಬ್ಬರಿಗೂ ಒಂದೊಂದು ಇರವು. ಅದು ಸಿಕ್ಕರೆ ಬಾಗಿಲು ತೆರೆಯುತ್ತದೆ, ಕೋಣೆಗೆ ಗಾಳಿ ಬರುತ್ತದೆ.

ಮದುವೆಯ ಮರುದಿನ ನಮ್ಮಲ್ಲಿ ಇರವು ತುಂಬಿಸಿಕೊಳ್ಳುವ ಶಾಸ್ತ್ರವಿದೆ. ಸೊಸೆಯ ಇರವನ್ನು ತವರಿನ ಫೋಲ್ಡರಿನಿಂದ ಎತ್ತಿ ಗಂಡನ ಮನೆಯ ಫೋಲ್ಡರಿನಲ್ಲಿಡುತ್ತಾರೆ. ಕಚೇರಿಯವರು ಬಂದು, ಊರುಗಾವಲಿಗೆ ತಿಳಿಸಿ ಮಾಡುವ ಕೆಲಸವದು. ಇವತ್ತು ಅವರು ತಡಮಾಡಿದರು. ನನ್ನ ಅತ್ತೆ ಪಾಪಮ್ಮನವರಿಗೆ ಮುಹೂರ್ತ ಮೀರೀತೆಂಬ ಭಯ. ಅರಿಶಿನದ ಕೈಯಲ್ಲೇ ತಾವೇ ಎತ್ತಿಟ್ಟುಬಿಟ್ಟರು. ಆಗ ನಾನು ಸೀರೆ ಬದಲಿಸಲು ಈ ಕೋಣೆಯೊಳಗಿದ್ದೆ.

ಬಾಗಿಲು ಮತ್ತೆ ತೆರೆಯಲಿಲ್ಲ. ಊರುಗಾವಲು ತವರಿನ ಫೋಲ್ಡರಿನಲ್ಲಿ ನೋಡಿತು, ನಾನು ಸಿಗಲಿಲ್ಲ, ಇಂಥವಳು ಇಲ್ಲವೆಂದು ಬರೆದುಕೊಂಡಿತು. ಇರವನ್ನು ಹಿಂದಕ್ಕೆ ಇಡೋಣವೆಂದರೆ ಅದರ ಒಡತಿಯ ಒಪ್ಪಿಗೆ ಬೇಕಂತೆ. ಒಡತಿ ನಾನು. ನಾನೇ ಇಲ್ಲವಲ್ಲ.

ಆಚೆ ಅತ್ತೆ ಅಳುತ್ತಿದ್ದಾರೆ. "ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕ್ದಂಗಾಯ್ತಲ್ಲಮ್ಮ" ಅನ್ನುತ್ತಾರೆ. ಗಾದೆಯ ತಾಯಿ ಊರನ್ನಾದರೂ ಹುಡುಕಿದಳು; ಈ ಊರುಗಾವಲು ಪಕ್ಕದ ಫೋಲ್ಡರನ್ನೂ ನೋಡಲಿಲ್ಲ. ನನ್ನ ಗಂಡ ಚೌಡೇಶ್ ಹಾರೆಯಿಂದ ಮೀಟುತ್ತಿದ್ದಾರೆ. ಕಬ್ಬಿಣದ ಬಾಗಿಲು, ಅಲುಗುತ್ತಿಲ್ಲ. ನನಗೆ ತುಂಬಾ ಭಯವಾಗುತ್ತಿದೆ.

ಕೈಮುಗಿದು ಕೇಳುತ್ತೇನೆ. ಫೈಲ್ ಹುಟ್ಟಿದಾಗಲೇ ಅದಕ್ಕೊಂದು ಗುರುತು ಹಾಕಿ, ಹೆಸರು ಬದಲಾದರೂ ಜಾಗ ಬದಲಾದರೂ ಅಳಿಯದಂಥದ್ದು. ಮನುಷ್ಯರು ಸಾಮಾನನ್ನು ಆ ಕಡೆ ಈ ಕಡೆ ಎತ್ತಿಡುವವರೇ. ಇಟ್ಟಲ್ಲಿ ಇಲ್ಲದಿದ್ದರೆ ಆ ಗುರುತು ಹಿಡಿದು ಹುಡುಕಲಿ. ಆಗಲೂ ಸಿಗದಿದ್ದರೆ, ಎಲ್ಲಿಟ್ಟಿರಿ ಎಂದು ಬಾಯಿಬಿಟ್ಟು ಕೇಳಲಿ. ಕೇಳದೆ ಯಾರನ್ನೂ ಇಲ್ಲವೆಂದು ಬರೆಯುವುದು ಬೇಡ.

ನೀವು ಅಲ್ಲಿ ತಿದ್ದಿದರೆ ಇಲ್ಲಿ ಬಾಗಿಲು ತೆರೆಯುತ್ತದೆ. ಖಾಲಿ ಕೋಣೆಗೇಕೆಂದು ಊರುಗಾವಲು ಈಗಷ್ಟೇ ದೀಪ ಆರಿಸಿತು. ಇನ್ನು ಗಾಳಿಯ ಸರದಿ.

ನಾಳೆ ನೋಡೋಣ ಎನ್ನಬೇಡಿ.